ಸ್ಪ್ಲಿಟ್ ಹೇಳಿಕೊಟ್ಟ ಪುಟ್ಟಸ್ವಾಮಣ್ಣ

ಕೊಡಲಿ ಎತ್ತುವ ಮುಂಚೆ ಪುಟ್ಟಸ್ವಾಮಣ್ಣ ದಿಮ್ಮಿಯನ್ನು ಮುಟ್ಟಿ ನೋಡುತ್ತಿದ್ದರು. ಹಸುಗೂಸಿನ ನೆತ್ತಿ ಸವರಿದ ಹಾಗೆ ಬೆರಳಾಡಿಸಿ, ಬಿರುಕು ಎಲ್ಲಿದೆ ಎಂದು ಹುಡುಕಿ, ಸರಿಯಾಗಿ ಅಲ್ಲಿಗೇ ಒಂದು ಏಟು. ದಿಮ್ಮಿ ಎರಡು ಹೋಳು. ಆಮೇಲೆ ಬೆವರು ಒರೆಸಿಕೊಂಡು "ಸ್ಪ್ಲಿಟ್!" ಎಂದು ಗಟ್ಟಿಯಾಗಿ ಕೂಗುತ್ತಿದ್ದರು. ಕೆಂಗೇರಿಯಲ್ಲಿ ಸೌದೆ ಡಿಪೋ ಇಟ್ಟುಕೊಂಡಿದ್ದ, ಎಪ್ಪತ್ತು ದಾಟಿದ ಮನುಷ್ಯ. ಮೊದಲ ಸಲ ಆ ಕೂಗು ಕೇಳಿ ನನ್ನ ಮೊಮ್ಮಗಳು ಸಾನ್ವಿ ಬಿದ್ದು ಬಿದ್ದು ನಕ್ಕಿದ್ದಳು.

ಸಾನ್ವಿ ನಾಲ್ಕನೇ ಕ್ಲಾಸು. ನಾನು ಓದಿದ್ದು ಮೂರು. ನನ್ನನ್ನು ಹಿಂದೆ ಹಾಕಿ ಹೊರಟುಬಿಟ್ಟಿದ್ದಾಳೆ ನನ್ನ ಬಂಗಾರ! ಅವಳ ವಿಷಯ ಶುರು ಮಾಡಿದರೆ ನನಗೆ ನಿಲ್ಲಿಸಲು ಬರುವುದಿಲ್ಲ. ಇದು ಪುಟ್ಟಸ್ವಾಮಣ್ಣನ ಕಥೆ, ಅದಕ್ಕೇ ಬಾಯಿ ಬಿಗಿ ಹಿಡಿದಿದ್ದೇನೆ.

ಸ್ಕೂಲ್ ವ್ಯಾನು ನಿಲ್ಲುತ್ತಿದ್ದದ್ದು ಡಿಪೋ ಎದುರಿಗೆ. ಇಳಿದ ಕೂಡಲೇ ಇವಳು ಒಳಗೆ ಓಡುತ್ತಿದ್ದಳು, ಹಿಂದೆ ನಾನು. ಪುಟ್ಟಸ್ವಾಮಣ್ಣ ಹರೆಯದಲ್ಲಿ ಒಂದು ಕಾರ್ಖಾನೆಯಲ್ಲಿ ಮರದ ಪೆಟ್ಟಿಗೆ ಹೊಡೆಯುತ್ತಿದ್ದರಂತೆ. ಅಲ್ಲಿ ಯಾರೋ ಎಸೆದಿದ್ದ ಇಂಗ್ಲಿಷ್ ಡಿಕ್ಷನರಿ ಎತ್ತಿಟ್ಟುಕೊಂಡು, ಊಟದ ಬಿಡುವಿನಲ್ಲಿ ಓದಿಕೊಂಡವರು. ಅದರ ಮೊದಮೊದಲ ಹಾಳೆಗಳನ್ನು ಗೆದ್ದಲು ತಿಂದಿತ್ತು. "ನಂಗೆ ಇಂಗ್ಲಿಷು ಜಿ ಇಂದ ಮುಂದಕ್ಕೆ ಬತ್ತದೆ ತಾಯಿ. ಅದರ ಹಿಂದಿಂದು ಗೆದ್ದಲಿಗೆ ಗೊತ್ತು" ಎನ್ನುತ್ತಿದ್ದರು.

ಸ್ಕೂಲಿನಲ್ಲಿ ಒಂದು ಸ್ಪರ್ಧೆ ಇಟ್ಟರು. ಒಂದೇ ಒಂದು ಇಂಗ್ಲಿಷ್ ಪದ ಆರಿಸಿಕೊಂಡು ಅದರ ಅರ್ಥಗಳನ್ನೆಲ್ಲ ವೇದಿಕೆಯ ಮೇಲೆ ಹೇಳಬೇಕು. ನನ್ನ ಸೊಸೆ ರಶ್ಮಿ ಫೋನಿನಲ್ಲಿ ನೋಡಿ ಉದ್ದುದ್ದ ಪದಗಳನ್ನು ಬರೆದುಕೊಟ್ಟಳು. ಇವಳು ಒಂದನ್ನೂ ಮುಟ್ಟಲಿಲ್ಲ. "ನಂಗೆ ಸ್ಪ್ಲಿಟ್ಟೇ ಬೇಕು" ಎಂದು ಹಟ.

ಮಾರನೆಯ ದಿನದಿಂದ ಡಿಪೋದಲ್ಲಿ ಪಾಠ. ಅವರದು ಒಂದೇ ಕಟ್ಟಳೆ: "ಕಣ್ಣಲ್ಲಿ ನೋಡದೆ ಇರೋ ಅರ್ಥಾನ ಬಾಯಲ್ಲಿ ಹೇಳಬಾರದು ಪುಟ್ಟಿ." ದಿಮ್ಮಿ ಸೀಳಿ ತೋರಿಸಿದರು. ಪಕ್ಕದ ಬೀದಿಗೆ ಕರೆದುಕೊಂಡು ಹೋಗಿ, ಅಣ್ಣ ತಮ್ಮ ಪಾಲಾಗಿ ನಟ್ಟನಡುವೆ ಗೋಡೆ ಎಬ್ಬಿಸಿದ್ದ ಮನೆ ತೋರಿಸಿದರು. ಎದುರಿನ ದರ್ಶಿನಿಯಲ್ಲಿ ಒಂದು ಕಾಫಿ ಬೈ ಟು ಹೇಳಿ, "ನಿಮ್ಮಜ್ಜಿಗರ್ಧ, ನಂಗರ್ಧ. ಇದೂ ಸ್ಪ್ಲಿಟ್ಟೇ" ಎಂದರು. ಒಂದು ದಿನ ಹಳೇ ಪ್ಯಾಂಟು ಹಾಕಿಕೊಂಡು ಬಂದು, ಬೇಕೆಂದೇ ಪೂರ್ತಿ ಬಗ್ಗಿದರು. ಹಿಂದುಗಡೆ ಪರ್ ಎಂದಿತು.

"ಏನಾಯ್ತು ಪುಟ್ಟಿ?"

"ಸ್ಪ್ಲಿಟ್ಟೂ!"

"ನಿಮ್ಮಜ್ಜಿ ನಿನ್ನ ಹೊಗಳೋದು ಕೇಳಿ ಕೇಳಿ ನಂಗೆ ತಲೆ ಸಿಡೀತದಲ್ಲ, ಅದು?"

"ಸ್ಪ್ಲಿಟ್ಟಿಂಗ್ ಹೆಡ್ಡೇಕ್!"

"ಬನ್ರೋ ಸ್ಪ್ಲಿಟ್ ಆಗನ ಅಂದ್ರೆ?"

"ಜಾಗ ಖಾಲಿ ಮಾಡೋಣ ಅಂತ!"

ಇಷ್ಟೆಲ್ಲ ನಡೆದದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಾರ್ಕಿನಲ್ಲಿದ್ದೆವು ಎಂದು ನಾನು ಸುಳ್ಳು ಹೇಳುತ್ತಿದ್ದೆ. ಆ ಡಿಪೋದ ಸೌದೆ ಮದುವೆ ಛತ್ರಕ್ಕೂ ಹೋಗುತ್ತಿತ್ತು, ಸ್ಮಶಾನಕ್ಕೂ ಹೋಗುತ್ತಿತ್ತು. ಹೆಣ ಸುಡುವ ಸೌದೆಯ ಮೇಲೆ ಮಗುವನ್ನು ಕೂರಿಸುತ್ತೇನೆ ಎಂದು ಗೊತ್ತಾದರೆ ರಶ್ಮಿ ಏನೆನ್ನುತ್ತಾಳೋ, ಅವಳ ತಾಯಿ, ಮಡಿವಂತರಾದ ನಮ್ಮ ಬೀಗಿತ್ತಿ, ಏನೆನ್ನುತ್ತಾರೋ ಎಂಬ ಹೆದರಿಕೆ.

ಸ್ಪರ್ಧೆಯ ದಿನ ಸಾನ್ವಿ ಮಾತಾಡಿದಳು ನೋಡಿ! ಪ್ಯಾಂಟಿನ ಮಾತು ಬಂದಾಗ ಹೆಡ್‌ಮಿಸ್ಸೇ ಬಾಯಿಗೆ ಸೆರಗು ಹಿಡಿದು ನಕ್ಕರು. ಫಸ್ಟ್ ಪ್ರೈಜು. ನನ್ನ ಕಣ್ಣಲ್ಲಿ ದಳದಳ ನೀರು. ಅಜ್ಜಿಯೂ ಬರಲಿ ಎಂದು ನನ್ನನ್ನೂ ಮೇಲೆ ಕರೆದರು. ಮಿಸ್ಸು ಮೈಕು ನನ್ನ ಬಾಯಿಯ ಹತ್ತಿರ ಹಿಡಿದು, "ಇಷ್ಟು ಚೆನ್ನಾಗಿ ಯಾರು ಹೇಳ್ಕೊಟ್ಟಿದ್ದು ಅಜ್ಜಿ?" ಎಂದರು.

ಮುಂದಿನ ಸಾಲಿನಲ್ಲಿ ರಶ್ಮಿ, ಬೀಗಿತ್ತಿ. ಕೊನೆಯಲ್ಲಿ, ಬಾಗಿಲ ಹತ್ತಿರ, ಇಸ್ತ್ರಿ ಮಾಡಿದ ಬಿಳಿ ಷರಟಿನಲ್ಲಿ ಪುಟ್ಟಸ್ವಾಮಣ್ಣ ನಿಂತಿದ್ದರು. ಬನ್ನಿ ಎಂದು ಕರೆದವಳು ನಾನೇ.

"ಡಿಪೋ ತಾತ..." ಎಂದು ಸಾನ್ವಿ ಬಾಯಿ ತೆರೆದಳು. ನಾನು ಅವಳ ಕೈಯನ್ನು ಬಲವಾಗಿ ಅದುಮಿದೆ.

"ನಾನೇ ಹೇಳ್ಕೊಟ್ಟೆ" ಎಂದುಬಿಟ್ಟೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಪುಟ್ಟಸ್ವಾಮಣ್ಣನೂ ತಟ್ಟಿದರು. ಆಮೇಲೆ ನೋಡಿದರೆ ಬಾಗಿಲ ಹತ್ತಿರ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಒಂದು ಡಬ್ಬಿ ಮೈಸೂರುಪಾಕು ಹಿಡಿದು ಹೋದೆ. "ಬನ್ನಿ ತಾಯಿ, ಮಗ ಭಾಳ ಚೆನ್ನಾಗಿ ಹೇಳ್ತು. ಒಂದ್ ಅರ್ಥಾನೂ ಬಿಡಲಿಲ್ಲ" ಎಂದು ಸ್ಟೂಲು ಒರೆಸಿ ಕೊಟ್ಟರು.

"ಪುಟ್ಟಸ್ವಾಮಣ್ಣ, ನಿನ್ನೆ ನಾನು..."

"ಬಿಡಿ ತಾಯಿ. ಸುಡುಗಾಡಿಗೆ ಸೌದೆ ಹಾಕೋನ ಹೆಸರು ಮೈಕಲ್ಲಿ ಹೇಳಕ್ಕಾಗ್ತದಾ?" ಎಂದು ನಕ್ಕರು.

ನಾನು ಆ ಮಾತನ್ನು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ಅವರಿಗೆ ಮೊದಲಿಂದಲೂ ತಿಳಿದಿತ್ತು. ತಿಳಿದೂ ತಿಳಿದೂ ಪ್ಯಾಂಟು ಹರಿದುಕೊಂಡಿದ್ದರು. ನಾನು ತಲೆ ತಗ್ಗಿಸಿ ಎದ್ದು ಬಂದೆ. ಅದೇ ಕೊನೆಯ ಭೇಟಿ. ಆಮೇಲೆ ಮುಖ ತೋರಿಸಲಾಗದೆ, ವ್ಯಾನನ್ನು ಹಿಂದಿನ ತಿರುವಿನಲ್ಲೇ ನಿಲ್ಲಿಸಿಕೊಳ್ಳುತ್ತಿದ್ದೆ. ಒಂದು ತಿಂಗಳಾದ ಮೇಲೆ ಧೈರ್ಯ ಮಾಡಿ ಹೋದರೆ ಡಿಪೋಗೆ ಬೀಗ. ಕೈಕಾಲು ಸೋತು ಮಗಳ ಊರಿಗೆ ಹೊರಟುಹೋದರು, ಯಾವ ಊರೋ ಗೊತ್ತಿಲ್ಲ ಎಂದರು ದರ್ಶಿನಿಯವರು.

ಅವತ್ತು ಊಟಕ್ಕೆ ಕೂತಾಗ ಸಾನ್ವಿ ತಟ್ಟೆ ಮುಟ್ಟಲಿಲ್ಲ. "ಅಜ್ಜೀ, ಸ್ಟೇಜ್ ಮೇಲೆ ನಾನು ಅವರ ಹೆಸರು ಹೇಳ್ಲಿಲ್ಲ ಅಂತ ಬೇಜಾರಾಗಿ ಹೊರಟುಹೋದ್ರಾ?"

"ನೀನಲ್ಲ ಕಂದ, ನಾನು ಹೇಳಲಿಲ್ಲ" ಎಂದೆ. ಮಗ, ಸೊಸೆ ಇಬ್ಬರ ಎದುರಿಗೂ ಡಿಪೋ, ಸ್ಮಶಾನ, ಪಾರ್ಕಿನ ಸುಳ್ಳು, ಮೈಕಿನ ಸುಳ್ಳು ಎಲ್ಲವನ್ನೂ ಹೇಳಿಕೊಂಡೆ.

ರಶ್ಮಿ ಸೌಟು ಕೆಳಗಿಟ್ಟಳು. "ಅಯ್ಯೋ ಅತ್ತೆ, ಇಷ್ಟಕ್ಕೆ ಹೆದರಿಕೊಂಡ್ರಾ? ಒಂದು ಮಾತು ಹೇಳಿದ್ರೆ ನಾನೇ ಅವರ ಕೈ ಹಿಡಿದು ಸ್ಟೇಜ್ ಮೇಲೆ ಕರ್ಕೊಂಡ್ ಬರ್ತಿದ್ನಲ್ಲ."

ಅವಳು ಬೈದಿದ್ದರೆ ಆ ರಾತ್ರಿ ಎರಡು ತುತ್ತಾದರೂ ಇಳಿಯುತ್ತಿತ್ತು.