ಅವ್ವನ ಸ್ವೆಟರಿನ ತೋಳು

ಸುವರ್ಣಾ, ಅವ್ವನ ಸ್ವೆಟರಿನ ತೋಳು ಬಿಗಿಯಾದದ್ದು ನಿನ್ನ ತಪ್ಪಿನಿಂದಲ್ಲ. ಬೇಕೆಂದೇ ಬಿಗಿ ಮಾಡಿದವಳು ನಾನು — ನಿನ್ನ ಗಂಡನ ಅಕ್ಕ. ನಿನಗದು ಅಂದೇ ಗೊತ್ತಾಗಿತ್ತು. ಆದರೂ ನನ್ನ ಬಾಯಿಂದ ಬರಬೇಕಾದ ಮಾತು ಇಷ್ಟು ವರ್ಷ ಬರಲಿಲ್ಲ.

ನಿಮ್ಮದು ಬಶೀರಾಬಾದಿನ ಬೌದ್ಧರ ಮನೆ, ನಮ್ಮದು ಲಿಂಗ ಕಟ್ಟುವ ಮನೆ. ತಮ್ಮ ನಿನ್ನನ್ನು ಮದುವೆಯಾಗಿ ತಾಂಡೂರಿನಲ್ಲಿ ಸಂಸಾರ ಹೂಡಿದಾಗ, ಜಹೀರಾಬಾದಿನ ಈ ಮನೆಗೆ ನೀನು ಕಾಲಿಡಕೂಡದು ಎಂದುಬಿಟ್ಟಳು ಅವ್ವ. ನೀನು ಜಗಳ ಮಾಡಲಿಲ್ಲ. ಕೈ ನಡುಗಿ ಅವ್ವನ ರಂಗೋಲಿ ನಿಂತುಹೋಗಿದ್ದ ಕಾಲ ಅದು. ಕಂಗ್ಟಿಯ ತವರಿನಿಂದ ಅವಳು ಕಲಿತು ಬಂದಿದ್ದ ಆ ಚುಕ್ಕಿ, ಆ ಎಂಟೆಸಳಿನ ಹೂವು — ಎಲ್ಲವನ್ನೂ ನೀನು ನನ್ನಿಂದಲೇ ಬರೆಸಿಕೊಂಡು, ಕೆಮ್ಮಣ್ಣಿನ ಬಣ್ಣದ ಉಣ್ಣೆಯಲ್ಲಿ ಬಿಳಿ ಎಳೆ ಸೇರಿಸಿ ಅವಳಿಗೊಂದು ಸ್ವೆಟರ್ ಹೆಣೆಯತೊಡಗಿದೆ.

ಮೈಭಾಗ ಮುಗಿಯುವಷ್ಟರಲ್ಲಿ ನಿನ್ನ ಮಣಿಕಟ್ಟು ಉಳುಕಿತು. ನೀನು ಹೆಣಿಗೆಯ ಗಂಟನ್ನು ಬಸ್ಸಿಗೆ ಹಾಕಿ ನನಗೆ ಫೋನ್ ಮಾಡಿದೆ: “ತೋಳಷ್ಟು ನೀವು ಹಾಕಿಕೊಡ್ರಿ ಅಕ್ಕಾ. ನಿಮ್ಮ ತಮ್ಮಗೂ, ಅತ್ತಿಯವರಿಗೂ ಹೇಳಬ್ಯಾಡ್ರಿ. ಎಲ್ಲಾ ನಾನೇ ಮಾಡೀನಿ ಅಂತ ತಿಳ್ಕೋಲಿ.”

ಎರಡು ಬಣ್ಣದ ಹೆಣಿಗೆಯಲ್ಲಿ ಮುಂದೆ ಕಾಣದ ಎಳೆ ಹಿಂದುಗಡೆ ಸಡಿಲವಾಗಿ ಸಾಗಬೇಕು. ಬಿಗಿದರೆ ಹೂವೇನೋ ಚೆನ್ನಾಗಿಯೇ ಕಾಣುತ್ತದೆ, ಬಟ್ಟೆ ಮಾತ್ರ ಹಿಗ್ಗುವುದಿಲ್ಲ. ನನಗಿದು ಚೆನ್ನಾಗಿ ಗೊತ್ತಿತ್ತು. ತಮ್ಮನಿಂದ ಸ್ವೆಟರಿನ ಸುದ್ದಿ ಕೇಳಿದ ಅವ್ವ, ಅವಳೇ ತರಲಿ, ಹಾಕಿಕೊಂಡು ನೋಡುತ್ತೇನೆ ಎಂದಿದ್ದಳು — ಆ ಮಾತಿಗೇ ನನ್ನ ಹೊಟ್ಟೆ ಉರಿಯಿತು. ಗಂಡನ ಮನೆ ಬಿಟ್ಟು ಬಂದ ನನಗಿದ್ದದ್ದು ಅವ್ವನ ಪಕ್ಕದ ಜಾಗ ಒಂದೇ... ಇರಲಿ, ಸಮಜಾಯಿಷಿ ಹೇಳಲು ಕೂತಿಲ್ಲ. ಅವ್ವ ಮಲಗಿದ ಮೇಲೆ ಸಾಲುಸಾಲಿಗೂ ಒಳಗಿನ ಎಳೆಯನ್ನು ಎಳೆದೆಳೆದು ಬಿಗಿದೆ. ತೋಳು ನಾನೇ ಹೊಲಿದು ಸೇರಿಸಿ, ನೀನು ಬಂದ ದಿನ ಬಾಗಿಲಲ್ಲೇ ನಿನ್ನ ಚೀಲಕ್ಕೆ ಹಾಕಿದೆ.

ನೀನು ತೊಡಿಸಿದಾಗ ಅವ್ವನ ಕೈ ಮೊಣಕೈ ಹತ್ತಿರ ಸಿಕ್ಕಿಕೊಂಡಿತು. ನೋವಿಗೆ ಮುಖ ಕಿವುಚಿ ನಿನಗೆ ಹೇಳಿದಳು:

“ನಮ್ಮ ಮನಿ ಚುಕ್ಕಿ ಎಲ್ಲಾರ ಕೈಗೂ ಕೂಡಂಗಿಲ್ಲವ್ವಾ.”

ನೀನು ಮೆಲ್ಲಗೆ ಸ್ವೆಟರ್ ಬಿಡಿಸಿ, ತೋಳಿನ ಒಳಮಗ್ಗುಲು ಹೊರಗೆ ಮಾಡಿ ನೋಡಿದೆ. ಆಮೇಲೆ ನನ್ನನ್ನು ನೋಡಿದೆ. ಚಹಾ ಇಡುವ ನೆವದಲ್ಲಿ ನಾನು ಒಳಗೆ ಹೋದೆ. ನೀನು ಅದನ್ನು ಮಡಚಿ ಅವ್ವನ ಮಂಚದ ಮೇಲಿಟ್ಟು ಹೊರಟುಹೋದೆ, ಮತ್ತೆ ಬರಲಿಲ್ಲ.

ತನ್ನ ಕೊನೆಯ ಚಳಿಗಾಲದಲ್ಲಿ ಅವ್ವ ಅದನ್ನು ಪೆಟ್ಟಿಗೆಯಿಂದ ತೆಗೆಸಿದಳು. ತೊಡಲಾಗದೆ ಎದೆಯ ಮೇಲೆ ಹರವಿಕೊಂಡು, ಹೂವಿನ ಮೇಲೆ ಬೆರಳಾಡಿಸುತ್ತ ಕೇಳಿದಳು: “ಮೈ ಇಷ್ಟು ಹಗೂರ ಹಾಕ್ಯಾಳ. ತೋಳು ಬ್ಯಾರೆಯವ್ರ ಕೈದು ಅನಸ್ತದ. ಯಾರ್ ಹಾಕ್ಯಾರ?”

“ಅಕೀನೇ,” ಎಂದೆ.

ಅಷ್ಟೇ. ನಿಜ ಹೇಳಿದ್ದರೆ ನಿನ್ನನ್ನು ಕರೆಸುತ್ತಿದ್ದಳೋ ಏನೋ — ಸಾಯುವ ತನಕ ಕರೆಸಲಿಲ್ಲ. ಅವಳ ಮಣ್ಣಿಗೆ ಬಂದ ನೀನು ಅಂಗಳದಲ್ಲೇ ನಿಂತಿದ್ದೆ. ಒಳಗೆ ಬಾ ಎನ್ನಲು ನನಗೆ ಬಾಯಿ ಬರಲಿಲ್ಲ.

ಮೊನ್ನೆ ತೋಳು ಬಿಚ್ಚಿ ಸರಿಯಾಗಿ ಹೆಣೆಯಲು ಕೂತೆ. ಕತ್ತರಿ ಹಿಡಿದವಳು ಹಾಗೇ ಕೆಳಗಿಟ್ಟೆ. ಬಿಚ್ಚಿದರೆ ನಾನು ಮಾಡಿದ್ದೇ ಅಳಿಸಿಹೋಗುತ್ತದೆ. ಭಾನುವಾರ ತಾಂಡೂರಿಗೆ ಬರುತ್ತೇನೆ. ತಮ್ಮನ ಮುಂದೆ ತೋಳಿನ ಒಳಮಗ್ಗುಲು ಹೊರಗೆ ಮಾಡಿಟ್ಟು, ಇದು ಯಾರ ಕೈಕೆಲಸವೆಂದು ಹೇಳುತ್ತೇನೆ. ನೀನು ಒಳಗೆ ಕರೆಯಬೇಡ, ಸುವರ್ಣಾ. ಹೊಸ್ತಿಲ ಹೊರಗೇ ನಿಂತು ಹೇಳುತ್ತೇನೆ.