ನಿಲ್ಲುವ ಜಾಗ ಗೊತ್ತಿರುವ ಗಾಡಿ

ಅದಕ್ಕೇ ನಿನ್ನೆ ಹೇಳಿದೆನಲ್ಲ ಗೆಳೆಯರೇ, ಹೊಸ ಕಾರು ನೋಡಲು ಚಂದ, ಅಷ್ಟೇ. ಇಂದು ಹನ್ನೊಂದಕ್ಕೆ ಖಾನಾಪುರದ ಶಾಲೆಯೊಂದರಲ್ಲಿ ಮಗಳು ಶೈಲಾಳಿಗೆ ಟೀಚರ್ ಕೆಲಸದ ಇಂಟರ್‌ವ್ಯೂ ಇತ್ತು. ನನ್ನ ಮದುವೆಯ ವರ್ಷ ಕೊಂಡ ಗಾಡಿಯನ್ನು ನಂಬದೆ, ಅವಳು ತನ್ನ ಸೋದರಮಾವ, ಶಹಾಪುರದ ಬಸಣ್ಣನ ಹೊಸ ಕಾರು ಹತ್ತಿದಳು. ನಾನು ನನ್ನ ಗಾಡಿಯಲ್ಲೇ ಹಿಂದೆ ಹೊರಟೆ.

ದೇಸೂರಿನ ಹತ್ತಿರ ಹೊಸ ಕಾರು ಕೆಟ್ಟು ನಿಂತಿತ್ತು. ನೂಕಲು ಬಂದ ರೈತರಿಗೆ ಬಸಣ್ಣ, “ಯಾರೂ ಕೈ ಹಚ್ಚಬ್ಯಾಡ್ರೀ, ಗ್ಯಾರಂಟಿ ಹೋಗತೈತಿ!” ಎಂದು ಕೂಗುತ್ತಿದ್ದ.

ಶೈಲಾ ಇಳಿದು ಬಂದು ನನ್ನ ಗಾಡಿ ಹತ್ತಿದಳು. ಮುಂದಿನ ಏರಿನಲ್ಲಿ ಅದೂ ನಿಂತಿತು, ಎಂದಿನಂತೆ. ಚಹಾದಂಗಡಿಯ ತುಕಾರಾಮ ಆಗಲೇ ನೀರಿನ ಡಬ್ಬಿ ಹಿಡಿದು ಬಂದಿದ್ದ.

“ಬರ್ರಿ ಕಾಕಾ, ಸಪ್ಪಳ ಕೇಳೇ ಒಲಿ ಬಿಟ್ಟು ಎದ್ದೆ.”

ರೇಡಿಯೇಟರಿಗೆ ನೀರು ಹಾಕಿ, ಚಹಾ ಕುಡಿಯುತ್ತಿದ್ದವರೆಲ್ಲ ಸೇರಿ ನೂಕಿದರು. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಶಾಲೆ ಮುಟ್ಟಿದೆವು.

“ನಿಂದೂ ನಿಂತಿತಲ್ಲಪ್ಪಾ, ಏನ್ ಫರಕ್ ಬಿತ್ತು?” ಅಂದಳು.

“ನಂದು ಎಲ್ಲಿ ನಿಂದರತೈತಿ ಅಂತ ಮಂದಿಗೆಲ್ಲಾ ಗೊತ್ತೈತಿ. ಇದಕ್ಕ ಇಂಗ್ಲಿಷಿನಾಗ ರಿಲಯಬಿಲಿಟಿ ಅಂತಾರವ್ವಾ. ಕಾಲೇಜಿನಾಗ ಡೆಫಿನಿಷನ್ ಬರಸಿದ್ರು, ಅರ್ಧಾ ಮರತೇನಿ.”

ಸಂಜೆ ಶಾಲೆಯವರು ಅವಳನ್ನು ಕರೆದು ನೌಕರಿ ಖಾತ್ರಿ ಎಂದರು. ಸೋಮವಾರದಿಂದ ಶೈಲಾ ಶಾಲೆಗೆ ಬಸ್ಸಿನಲ್ಲೇ ಬರುತ್ತಾಳಂತೆ.

ಶಾಲೆಯ ಮುಂದೆ ಬಾನೆಟ್ಟಿನ ಮೇಲೆ ಕಾಗದವಿಟ್ಟು ನಿಮಗೆ ಬರೆಯುತ್ತಿದ್ದೇನೆ, ಹೊತ್ತು ಮುಳುಗುತ್ತಾ ಅಕ್ಷರಗಳು ಮಸುಕಾಗುತ್ತಿವೆ. ಹೆಡ್‌ಲೈಟಿನ ಬಗ್ಗೆ ನಾನು ಎಂದೂ ಏನೂ ಕೊಚ್ಚಿಕೊಂಡವನಲ್ಲ. ಬೆಳಕಿರುವಾಗಲೇ ಹೊರಡಬೇಕು.