ಹನ್ನೆರಡು ಮೀಟರ್ ಗುಂಡು ವೈರು

೧೯೭೩ನೇ ಇಸವಿ, ಡಿಸೆಂಬರ್ ೯, ಭಾನುವಾರ, ಸಂಜೆ ಆರು ಗಂಟೆ ಹತ್ತು ನಿಮಿಷ. ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಈ ಕಥೆ ಶುರುವಾಗುವುದು ಇಲ್ಲಿಂದ. ಅದರ ಕೆಳಗೆ ಹೀಗೊಂದು ಸಾಲಿದೆ: “ಶೀನ ಮಾವನ ಟಿ.ವಿ.ಯಲ್ಲಿ ಇವತ್ತು ಒಬ್ಬ ಮನುಷ್ಯನಿಗೆ ಎರಡು ನೆರಳು. ಲೋಕಲ್ ರೈಲು ಹೋಗುವಾಗ ಮನುಷ್ಯನೂ ಕಾಣಲಿಲ್ಲ.”

ಆ ಕಾಲದಲ್ಲಿ ಮುಂಬಯಿಗೆ ಟಿ.ವಿ. ಬಂದು ವರ್ಷವೊಂದು ಕಳೆದಿತ್ತಷ್ಟೆ. ಆಂಟಾಪ್ ಹಿಲ್‌ನ ನಮ್ಮ ಮೂರು ಮಾಳಿಗೆಯ ಬಿಲ್ಡಿಂಗಿಗೆಲ್ಲ ಇದ್ದದ್ದು ಒಂದೇ ಟಿ.ವಿ. ಅದು ಕೆಳಗಿನ ಮನೆಯ ಶೀನ ಮಾವನದು. ಉಡುಪಿ ಕಡೆಯ ಶೆಟ್ಟರು, ಮಾಟುಂಗದ ಹೋಟೆಲೊಂದರಲ್ಲಿ ಮ್ಯಾನೇಜರ್. ರಜೆಯ ಸಂಜೆ ಗೋಳಿಬಜೆಯ ಪೊಟ್ಟಣ ಹಿಡಿದು ಬರುತ್ತಿದ್ದರು. ನಾವು ಮಕ್ಕಳು ಕುಂಟಾಬಿಲ್ಲೆ ಆಟ ಅರ್ಧಕ್ಕೆ ಬಿಟ್ಟು ಒಳಗೆ ನುಗ್ಗುತ್ತಿದ್ದೆವು. ಎಣ್ಣೆಯ ವಾಸನೆ, ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಚಪ್ಪಲಿ ಎಣಿಸಿ ಬರೆದಿಡುವುದು ನನ್ನ ಅಭ್ಯಾಸ. ಆ ಭಾನುವಾರ ನಲವತ್ತಮೂರು ಜೊತೆ.

ಅವತ್ತೇ ಅವ್ವ ಸುದ್ದಿ ತಂದಳು. ನಮ್ಮ ಕಾಲನಿಯ ಆರು ಜನ ಹೆಂಗಸರು ಹಿಂದಿನ ತಿಂಗಳು ಟಿ.ವಿ. ಕೇಂದ್ರಕ್ಕೆ ಹೋಗಿ ಬೀಸುವ ಪದ ಹಾಡಿ ಬಂದಿದ್ದರು. ಅದನ್ನು ಇಪ್ಪತ್ತೆರಡನೇ ತಾರೀಕು ಶನಿವಾರ ಸಂಜೆ ಆರೂವರೆಗೆ ತೋರಿಸುತ್ತಾರಂತೆ, ಹತ್ತು ನಿಮಿಷ.

“ನನ್ನ ಮಾರಿ ನಾ ಕನ್ನಡಿಯೊಳಗ ನೋಡೀನಿ,” ಅಂದಳು ಅವ್ವ. “ಹಾಡೂ ಮುಂದ ಹೆಂಗ ಕಾಣ್ತದೋ ನೋಡಿಲ್ಲ.”

“ಈ ಟಿ.ವಿ.ಯಲ್ಲಿ ನೋಡಿದರೆ ಹದಿನೆಂಟು ಹೆಂಗಸರು ಕಾಣ್ತಾರೆ ಅಕ್ಕ,” ಅಂದರು ಶೀನ ಮಾವ. “ನಿಮ್ಮನ್ನು ನೀವೇ ಹುಡುಕಿಕೊಳ್ಳಬೇಕು.”

ಎಲ್ಲರೂ ನಕ್ಕರು, ಅವ್ವನೂ ನಕ್ಕಳು. ಅವಳ ನಗು ಬೇಗ ನಿಂತಿದ್ದನ್ನು ಅಪ್ಪ ನೋಡಿದರು.

ಅಪ್ಪ ಪರೇಲಿನ ಮಿಲ್ಲಿನಲ್ಲಿ ನೇಕಾರರು, ರಬಕವಿಯವರು. ಮರುದಿನ ಪಾಳಿ ಮುಗಿಸಿ ಬಂದವರೇ ನನ್ನನ್ನು ಬಿಲ್ಡಿಂಗಿನ ನೆತ್ತಿಯ ಗಚ್ಚಿಗೆ ಕರೆದೊಯ್ದರು. ಆಂಟೆನಾದಿಂದ ಚಪ್ಪಟೆ ವೈರೊಂದು ನೀರಿನ ಕಬ್ಬಿಣದ ಪೈಪಿಗೆ ಒರಗಿಕೊಂಡು ಕೆಳಗಿನ ಮಾಳಿಗೆಯವರೆಗೆ ಇಳಿದಿತ್ತು. ಉಪ್ಪುಗಾಳಿಗೆ ಅದರ ಮೈ ಬಿರಿದಿತ್ತು. ನಾನು ಒಂದು ವಾರ ಲೆಕ್ಕ ಇಟ್ಟೆ: ನಾವು ಟಿ.ವಿ. ನೋಡುವಾಗ ಹಾರ್ಬರ್ ಲೈನಿನಲ್ಲಿ ಗಾಡಿ ಹೋದದ್ದು ಐವತ್ತೆಂಟು ಸಲ, ಅದರಲ್ಲಿ ಚಿತ್ರ ಕೆಟ್ಟದ್ದು ಐವತ್ತೊಂದು ಸಲ. ವೈರನ್ನೇ ಟಿ.ವಿ.ಯಿಂದ ಕಿತ್ತರೆ ಬರೀ ಬಿಳಿ ಚುಕ್ಕೆ, ಒಗ್ಗರಣೆ ಸಿಡಿದ ಹಾಗೆ ಸದ್ದು. ಅದನ್ನೂ ಬರೆದುಕೊಂಡೆ.

ಇಪ್ಪತ್ತನೇ ತಾರೀಕು ಗುರುವಾರ, ಸಂಜೆ ಐದು ಗಂಟೆಗೆ, ಅಪ್ಪ ಮತ್ತು ನಾನು ಗ್ರಾಂಟ್ ರೋಡಿನಲ್ಲಿ ಇಳಿದು ರೇಡಿಯೋ ಸಾಮಾನಿನ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯ ಗುಜರಾತಿ ಮುದುಕ ನನ್ನ ಲೆಕ್ಕ ಕೇಳಿ, ಗುಂಡು ಕೇಬಲ್ಲಿನ ಮೂರು ಸುರುಳಿ ತೆಗೆದಿಟ್ಟ. ಬ್ಲೇಡಿನಿಂದ ಒಂದರ ತುದಿ ಕೆತ್ತಿ ತೋರಿಸಿದ. ನಟ್ಟನಡುವೆ ತಾಮ್ರದ ತಂತಿ, ಅದರ ಸುತ್ತ ಬಿಳಿ ಪ್ಲಾಸ್ಟಿಕ್ಕು, ಅದರ ಮೇಲೆ ಹೆಣೆದ ತಾಮ್ರದ ಜಾಳಿಗೆ, ಹೊರಗೆ ಕಪ್ಪು ತೊಗಟೆ. ಗಾಡಿಯ ಕಿಡಿ, ಪೈಪಿನ ಕಾಟ ಎಲ್ಲವನ್ನೂ ಆ ಜಾಳಿಗೆ ತಡೆಯುತ್ತದಂತೆ. ನಾನು ನಾಲ್ಕು ಸುತ್ತುಗಳ ಚಿತ್ರ ಬಿಡಿಸಿಕೊಂಡೆ.

“ಸಬ್ ಲೋಗ್ ಮೋಟಾ ದೇಖ್ ಕೇ ಲೇತೇ ಹೈಂ,” ಅಂದ ಮುದುಕ, ಎಲ್ಲರೂ ನೋಡಿ ಕೊಳ್ಳುವ ದಪ್ಪ ಸುರುಳಿಯನ್ನು ತಟ್ಟಿ.

ಅಪ್ಪ ಜೇಬಿನಿಂದ ಭೂತಗನ್ನಡಿ ತೆಗೆದರು. ಬಟ್ಟೆಯ ಇಂಚಿಗೆ ಎಷ್ಟು ಎಳೆ ಎಂದು ಮಿಲ್ಲಿನಲ್ಲಿ ಎಣಿಸುವ ಕನ್ನಡಿ ಅದು. ಮೂರೂ ಕೇಬಲ್ಲುಗಳ ಜಾಳಿಗೆ ಎಣಿಸಿದರು. ದಪ್ಪನೆಯದು ಬರೀ ತೊಗಟೆ, ಒಳಗೆ ಜಾಳುಜಾಳು. ಮೂರನೆಯದರ ಹೆಣಿಗೆ ಎಷ್ಟು ಬಿಗಿಯೆಂದರೆ ಕೆಳಗಿನ ಬಿಳಿಯೇ ಕಾಣುತ್ತಿರಲಿಲ್ಲ.

“ಇದು ನೋಡು ತಂಗಿ, ಧೋತ್ರದ ನೇಯ್ಗಿ. ಅದು ಸೊಳ್ಳಿ ಪರದೆ,” ಅಂದರು ನನಗೆ.

ಮುದುಕ ಅಪ್ಪನನ್ನು ಗೌರವದಿಂದ ನೋಡಿದ. ಆದರೆ ಆ ಒಳ್ಳೆಯ ಕೇಬಲ್ಲು ಉಳಿದದ್ದು ಎರಡು ತುಂಡು, ಹನ್ನೆರಡು ಮೀಟರ್ ಮತ್ತು ಒಂಬತ್ತು ಮೀಟರ್. ನಮಗೆ ಬೇಕಿದ್ದದ್ದು ಇಪ್ಪತ್ತು.

“ಜೋಡ್ ಮತ್ ಲಗಾನಾ, ಸೇಠ್. ಬೀಚ್ ಮೇ ಜೋಡ್ ಆಯಾ ತೋ ಪಿಕ್ಚರ್ ಗಯಾ.”

ನಡುವೆ ಜೋಡಿಸಿದರೆ ಚಿತ್ರ ಹೋಯಿತು ಎಂಬ ಮಾತಿಗೆ ಅಪ್ಪ ನಕ್ಕುಬಿಟ್ಟರು. “ಇಪ್ಪತ್ತು ವರ್ಸಾತು, ಹರದ ಎಳಿ ಜೋಡಿಸೂದ ನನ್ನ ಕೆಲಸ. ನಾ ಹಾಕಿದ ಗಂಟ ಯಾರಿಗೂ ಸಿಕ್ಕಿಲ್ಲ,” ಎಂದು ನನಗೆ ಹೇಳಿ ಎರಡೂ ತುಂಡು ಕಟ್ಟಿಸಿಕೊಂಡರು. ಜೊತೆಗೆ ತುದಿಗೆ ಹಾಕುವ ಪ್ಲಗ್ಗುಗಳು, ಮತ್ತು ಗುಂಡು ಕೇಬಲ್ಲನ್ನು ಆಂಟೆನಾಕ್ಕೂ ಟಿ.ವಿ.ಗೂ ಹೊಂದಿಸುವ ಬೆರಳುದ್ದದ ಎರಡು ಡಬ್ಬಿ.

ಶನಿವಾರ ನಾಲ್ಕೂ ಇಪ್ಪತ್ತಕ್ಕೆ ಗಚ್ಚಿಯ ಮೇಲೆ ಕೆಲಸ ಶುರುವಾಯಿತು. ಅಪ್ಪ ಕುಕ್ಕರಗಾಲಿನಲ್ಲಿ ಕೂತು ಎರಡು ತುಂಡುಗಳ ತುದಿ ಬಿಚ್ಚಿದರು. ನಡುತಂತಿಗೆ ನಡುತಂತಿ, ಜಾಳಿಗೆಯ ಎಳೆಗೆ ಎಳೆ. ಬೆರಳು ನೆನೆಸಿಕೊಂಡು ಒಂದೊಂದನ್ನೇ ಹೊಸೆದರು. ಮಿಲ್ಲಿನಲ್ಲಿ ಗಂಟು ದಪ್ಪವಾದರೆ ಮಗ್ಗದ ಬಾಚಣಿಗೆಯಂಥ ಫಣಿಯ ಹಲ್ಲಿನಲ್ಲಿ ಸಿಕ್ಕಿ ಎಳೆ ಮತ್ತೆ ಹರಿಯುತ್ತದೆ. ಹಾಗಾಗಿ ಉಬ್ಬಿದ್ದನ್ನೆಲ್ಲ ಕೆತ್ತಿ ತೆಗೆದರು. ಬಿಳಿ ಪ್ಲಾಸ್ಟಿಕ್ಕಿನ ಚೂರುಗಳಿಗೆ ಚಿಕ್ಕ ಮಕ್ಕಳು ಕಿತ್ತಾಡಿದರು. ಮೇಲೆ ಕಪ್ಪು ಟೇಪು ಸುತ್ತಿದಾಗ, ಜೋಡಣೆ ಎಲ್ಲಿದೆ ಎಂದು ಬೆರಳಾಡಿಸಿದರೂ ನನಗೆ ತಿಳಿಯಲಿಲ್ಲ. ಹನ್ನೆರಡು ಮೀಟರಿನ ತುದಿಯನ್ನು ಆಂಟೆನಾಕ್ಕೆ ಸೇರಿಸಿ, ಉಳಿದದ್ದನ್ನು ಶೀನ ಮಾವನ ಮನೆಯವರೆಗೆ ಇಳಿಬಿಟ್ಟೆವು.

ಆರು ಗಂಟೆಗೆ ಪ್ರಸಾರ ಶುರುವಾಗುವವರೆಗೆ ಪರೀಕ್ಷೆ ಮಾಡುವ ದಾರಿ ಇರಲಿಲ್ಲ. ಶೀನ ಮಾವನ ಮನೆ ತುಂಬಿತ್ತು. ಚಪ್ಪಲಿ ಅರವತ್ತೊಂದು ಜೊತೆ. ಅವ್ವ ಇಳಕಲ್ ಸೀರೆ ಉಟ್ಟು, ಉಳಿದ ಐವರು ಹೆಂಗಸರ ನಡುವೆ ಗೋಡೆಗೆ ಒರಗಿ ಕೂತಿದ್ದಳು. ಆರಕ್ಕೆ ಟಿ.ವಿ. ಹಾಕಿದರು. ಬರೀ ಬಿಳಿ ಚುಕ್ಕೆ, ಸಿಡಿಯುವ ಸದ್ದು.

“ಕಾಯಲಿ, ಬಿಸಿಯಾಗಬೇಕು,” ಅಂದರು ಶೀನ ಮಾವ. ಐದು ನಿಮಿಷ ಕಾದೆವು.

“ಹಳೇ ವೈರಿನ್ಯಾಗ ಮೂರು ಕಾಣ್ತಿದ್ದಿಲ್ಲೇನ,” ಎಂದು ಯಾರೋ ಹಿಂದಿನಿಂದ ಅಂದರು. “ಈಗ ಒಂದೂ ಇಲ್ಲ. ನೇಕಾರಪ್ಪ ಪೂರ್ತಿ ಧೋತ್ರಾ ಹೊಚ್ಚಿಬಿಟ್ಟ.”

ಅಪ್ಪ ಪ್ಲಗ್ಗು ತಿರುಗಿಸಿದರು, ಡಬ್ಬಿ ಅಲುಗಿಸಿದರು. ನಾನು ನೋಟ್‌ಬುಕ್ ತೆರೆದೆ. ಈ ಚುಕ್ಕೆ, ಈ ಸದ್ದು ನಾನು ಮೊದಲೇ ಬರೆದುಕೊಂಡದ್ದೇ. ಅಂಗಡಿಯಲ್ಲಿ ಬಿಡಿಸಿದ ನಾಲ್ಕು ಸುತ್ತಿನ ಚಿತ್ರ ನೋಡಿದೆ. ಗಚ್ಚಿಯ ಮೇಲಿನ ಜೋಡಣೆಯಲ್ಲಿ ನಾನು ಕಂಡದ್ದು ಮೂರೇ ಸುತ್ತು. ಗಡಿಯಾರದಲ್ಲಿ ಆರೂ ಒಂಬತ್ತು. ಅವ್ವ ನನ್ನನ್ನೇ ನೋಡುತ್ತಿದ್ದಳು.

“ಅಪ್ಪಾ,” ಅಂದೆ. “ವೈರ ಕಿತ್ತಾಗ ಹೆಂಗ ಕಾಣ್ತಿತ್ತೋ ಈಗೂ ಹಂಗ ಐತಿ. ನಡುವಿನ ತಂತಿ ಜಾಳಿಗಿಗೆ ತಾಗೇದ. ಬಿಳೀದು ನೀವು ಕೆತ್ತಿ ತಗದೀರಿ.”

ಅಪ್ಪ ಪುಟವನ್ನು ಹತ್ತಿರ ಹಿಡಿದು ನೋಡಿದರು. ಮುಖ ಕೆಂಪಾಯಿತು. ಬೈಯುತ್ತಾರೆ ಅಂದುಕೊಂಡೆ.

“ಖರೇ ಐತಿ,” ಅಂದರು. “ತೆಳ್ಳಗ ಮಾಡಾಕ ಹೋಗಿ ಕೆಡಿಸಿದೆ.”

“ಮತ್ತೊಮ್ಮೆ ಜೋಡಿಸಿ ಮಲ್ಲಪ್ಪಣ್ಣ, ಹೊತ್ತುಂಟು,” ಎಂದು ಶೀನ ಮಾವ ಅಪ್ಪನಿಗೆ ಅಂದರು.

“ಇಲ್ಲ ಶೆಟ್ರ. ಮುದುಕ ಬ್ಯಾಡ ಅಂದಿದ್ದ. ಹನ್ನೆರಡು ಮೀಟರ್ ನೆಟ್ಟಗೈತಿ. ಆದ್ರ ಅದು ನಮ್ಮ ಮನೀತನಕ ಅಷ್ಟ ಬರ್ತದ, ಮೂರನೇ ಮಾಳಿಗಿಗೆ.”

ಶೀನ ಮಾವ ಒಂದು ಕ್ಷಣ ಟಿ.ವಿ.ಯನ್ನು, ಒಂದು ಕ್ಷಣ ಅವ್ವನನ್ನು ನೋಡಿದರು. ಆ ಟಿ.ವಿ.ಯ ಮೇಲಿನ ಕಸೂತಿ ಬಟ್ಟೆಯನ್ನು ಕೂಡ ಯಾರೂ ಮುಟ್ಟುವಂತಿರಲಿಲ್ಲ.

“ವೈರ್ ಕೆಳಗೆ ಬರುವುದಿಲ್ಲ ಅಂದರೆ ಎಂಥ ಮಾಡುವುದು ಮಾರಾಯ, ಟಿ.ವಿ. ಮೇಲೆ ಹೋಗಲಿ,” ಎಂದು ತಾವೇ ಒಂದು ಬದಿ ಎತ್ತಿದರು.

ನಾಲ್ಕು ಜನ ಹೊತ್ತರು. ಅಪ್ಪ ಮುಂದೆ ಓಡಿ ಜೋಡಣೆ ಕತ್ತರಿಸಿ, ಈ ಸಲ ಬಿಳಿಯನ್ನು ಹಾಗೇ ಉಳಿಸಿಕೊಂಡು ಹೊಸ ತುದಿಗೆ ಪ್ಲಗ್ಗು ಕೂಡಿಸಿದರು. ಅವ್ವ ಜೋಳದ ಹಿಟ್ಟಿನ ಡಬ್ಬಿ ಸರಿಸಿ ಕಟ್ಟೆಯ ಮೇಲೆ ಜಾಗ ಮಾಡಿದಳು. ಅರವತ್ತೊಂದು ಜನ ನಮ್ಮ ಒಂದೇ ಕೋಣೆಯಲ್ಲಿ, ಗ್ಯಾಲರಿಯಲ್ಲಿ, ಮೆಟ್ಟಿಲ ಮೇಲೆ. ಆರೂ ಇಪ್ಪತ್ತೆಂಟಕ್ಕೆ ಚಿತ್ರ ಬಂತು. ಒಬ್ಬಳೇ ನಿರೂಪಕಿ, ಅವಳ ಕಿವಿಯೋಲೆ ಸಹ ಸ್ಪಷ್ಟ.

ಆಮೇಲೆ ಆರು ಜನ ಹೆಂಗಸರು, ಸರಿಯಾಗಿ ಆರೇ ಜನ. ಕೇಂದ್ರದವರು ಎಲ್ಲಿಂದಲೋ ತರಿಸಿದ್ದ ಬೀಸುಕಲ್ಲಿನ ಗೂಟ ಹಿಡಿದು ಅವ್ವ ಹಾಡುತ್ತಿದ್ದಳು. ಕೋಣೆಯೊಳಗಿನ ನಮ್ಮ ಅವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು, ಕಣ್ಣು ಮಿಟುಕಿಸದೆ ಪರದೆಯ ಮೇಲಿನ ಅವಳನ್ನು ನೋಡುತ್ತ ಕೂತಿದ್ದಳು. ಕೊನೆಯ ಪದಕ್ಕೆ ಅವ್ವ ತನ್ನದೇ ಒಂದು ಸಾಲು ಕಟ್ಟಿ ಸೇರಿಸಿದ್ದಳು. ಬೀಸುವವರು ಹಾಗೆ ಮಾಡುವುದುಂಟು. ಉಳಿದ ಐವರು ಪರದೆಯ ಮೇಲೆ ತಡವರಿಸಿ, ನಕ್ಕು, ಸೊಲ್ಲು ಹಿಡಿದರು. ಬಾಗಿಲಲ್ಲಿ ನಿಂತಿದ್ದ ಅಪ್ಪ ತಟ್ಟನೆ ಅವ್ವನ ಕಡೆ ತಿರುಗಿದ್ದು ನನಗೆ ನೆನಪಿದೆ. ಆ ಸಾಲು ಅಪ್ಪನ ಬಗ್ಗೆ ಇತ್ತು.

ಇವತ್ತು ಕೇಬಲ್ಲುಗಳು ಎರಡೂ ತುದಿಗೆ ಪ್ಲಗ್ಗು ಹಾಕಿಸಿಕೊಂಡೇ ಅಂಗಡಿಗೆ ಬರುತ್ತವೆ. ಹಾಡಿದ್ದನ್ನು ಎಷ್ಟು ಸಲ ಬೇಕಾದರೂ ಹಿಂದೆ ತಿರುಗಿಸಿ ಕೇಳಬಹುದು. ಅವ್ವ ಅಪ್ಪ ಇಬ್ಬರೂ ಇಲ್ಲ. ಅವ್ವನ ದನಿ ಎಲ್ಲಿಯೂ ಉಳಿದಿಲ್ಲ. ಹಾಡು ಬಂದ ಮರುದಿನ ನಾನು ಆ ಸಾಲು ಕೇಳಿದ್ದಕ್ಕೆ “ಹಾಡಿದ್ದು ಹಾಡಿ ಆತು” ಅಂದಳು, ಮತ್ತೆಂದೂ ಹೇಳಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಆ ಹತ್ತು ನಿಮಿಷಕ್ಕೆ ಒಂದು ಪೂರ್ತಿ ಪುಟವಿದೆ: ನೆರಳು ಇಲ್ಲ, ಲೋಕಲ್ ಎರಡು, ಚಿತ್ರ ಅಲುಗಿದ್ದು ಒಂದು ಸಲವೂ ಇಲ್ಲ. ಹಾಡಿನ ಒಂದಕ್ಷರವೂ ಇಲ್ಲ. ನಾನು ಎಣಿಸುತ್ತಿದ್ದೆ.

ಅವತ್ತು ನಮ್ಮ ಕೋಣೆಯಲ್ಲಿ ಕೂತಿದ್ದವರು, ಬೇರೆ ಎಲ್ಲಾದರೂ ಆ ಕಾರ್ಯಕ್ರಮ ನೋಡಿದವರು, ಅಥವಾ ಆ ಐವರು ಹೆಂಗಸರ ಮಕ್ಕಳು ಇದನ್ನು ಓದುತ್ತಿದ್ದರೆ, ಕೊನೆಯ ಪದದ ಆ ಸಾಲು ಅರ್ಧ ನೆನಪಿದ್ದರೂ ಸಾಕು, ದಯವಿಟ್ಟು ಬರೆದು ತಿಳಿಸಿ.